ಆಲ್ಕೋಹಾಲ್‌ಗೆ ಸಾರ ಇಳಿಯುತ್ತಿಲ್ಲವೇ? ದೋಷ ಹುಡುಕುವ ಕೈಪಿಡಿ

ಎರಡು ಫ್ಲಾಸ್ಕ್, ಒಂದೇ ಪುಡಿ. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು, ಬೀಜ ತೆಗೆದು, ಒಣಗಿಸಿ, ನುಣ್ಣಗೆ ಪುಡಿ ಮಾಡಿ ಇಬ್ಬರು ವಿದ್ಯಾರ್ಥಿಗಳು ಹಂಚಿಕೊಂಡಿದ್ದರು. ಇಬ್ಬರೂ 10 ಗ್ರಾಂ ಪುಡಿಗೆ 100 ಮಿ.ಲೀ. ಎಥನಾಲ್ ಸುರಿದು ರಾತ್ರಿಯಿಡೀ ನೆನೆಸಿದ್ದರು. ಬೆಳಗ್ಗೆ ನೋಡಿದರೆ ಹುಡುಗನ ಫ್ಲಾಸ್ಕ್ ಕಡುಗೆಂಪು. ಹುಡುಗಿಯದು ತೆಳು ಕಿತ್ತಳೆ, ಪುಡಿ ಮಾತ್ರ ಕೆಂಪಗೇ ತಳದಲ್ಲಿ ಕೂತಿದೆ.

"ಸರ್, ಪುಡಿ ಒಂದೇ. ಬಾಟಲಿ ಮೇಲೂ ಎಥನಾಲ್ ಅಂತಲೇ ಬರೆದಿದೆ. ನನ್ನದು ಯಾಕೆ ಹೀಗಾಯ್ತು?"

ಉತ್ತರ ಸಿಗಲು ಅರ್ಧ ದಿನ ಬೇಕಾಯಿತು. ಮೊದಲು ಪುಡಿಯನ್ನು ಅನುಮಾನಿಸಿದೆವು. ಆಮೇಲೆ ಫಿಲ್ಟರ್ ಪೇಪರನ್ನು. ಕೊನೆಗೆ ತಕ್ಕಡಿ ಸತ್ಯ ಹೇಳಿತು. ಹುಡುಗನ ಬಾಟಲಿಯ ದ್ರವ 10 ಮಿ.ಲೀ.ಗೆ 7.85 ಗ್ರಾಂ ತೂಗಿತು. ಹುಡುಗಿಯದು 8.4 ಗ್ರಾಂ. ಅಂದರೆ ಅವಳ ಎಥನಾಲ್‌ನ ತೂಕದಲ್ಲಿ ಐದನೇ ಒಂದು ಪಾಲು ನೀರು! ಹಿಂದಿನ ವರ್ಷ ಬಟ್ಟಿ ಇಳಿಸಿ ವಾಪಸ್ ಪಡೆದಿದ್ದ ಎಥನಾಲನ್ನು ಯಾರೋ ಹಳೆಯ ಲೇಬಲ್ಲಿನ ಬಾಟಲಿಗೇ ತುಂಬಿಟ್ಟಿದ್ದರು.

ಗಿಡಮೂಲಿಕೆ, ಮಸಾಲೆ, ಹಣ್ಣಿನ ಸಿಪ್ಪೆಗಳಿಂದ ಸಾರ ತೆಗೆಯುವ ಪ್ರಾಜೆಕ್ಟ್‌ಗಳು ಕೆಡುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಕೆಟ್ಟಾಗ ಎಲ್ಲರೂ ಗಿಡವನ್ನೇ ದೂರುತ್ತಾರೆ. ನನ್ನ ಅನುಭವದಲ್ಲಿ ಗಿಡದ ತಪ್ಪು ತೀರಾ ಕಡಿಮೆ. ಬಹಳ ಸಲ ದ್ರಾವಕದ (ಸಾರವನ್ನು ಕರಗಿಸಿ ಹೊರತರುವ ದ್ರವದ) ಪೋಲಾರಿಟಿ, ಅಂದರೆ ಅದು ಎಷ್ಟು ನೀರಿನ ಹಾಗೆ, ಎಷ್ಟು ಎಣ್ಣೆಯ ಹಾಗೆ ಅನ್ನುವ ಗುಣ, ನಾವು ಅಂದುಕೊಂಡಷ್ಟು ಇರುವುದಿಲ್ಲ. ಅದಕ್ಕೆ ಮುಖ್ಯ ಕಾರಣ ನೀರು. ಆದ್ದರಿಂದ ಲೇಬಲ್ ಓದಿ ಸುಮ್ಮನಾಗಬೇಡಿ. ಫ್ಲಾಸ್ಕಿನೊಳಗೆ ನಿಜಕ್ಕೂ ಯಾವ ಮಿಶ್ರಣ ಇದೆ ಅಂತ ಮೊದಲು ತಿಳಿದುಕೊಳ್ಳಿ.

ಯಾವುದು ಎಷ್ಟು ಪೋಲಾರ್

ಪೋಲಾರಿಟಿ ಅಂದರೆ ಪಠ್ಯದ ಮಾತಿನಲ್ಲಿ ಧ್ರುವೀಯತೆ. ಆಲ್ಕೋಹಾಲ್ ಅಣುವಿನ ಒಂದು ತುದಿಯಲ್ಲಿ ನೀರನ್ನು ಹೋಲುವ ಓಎಚ್ ಗುಂಪು ಇರುತ್ತದೆ, ಇನ್ನೊಂದು ಕಡೆ ಎಣ್ಣೆಯನ್ನು ಹೋಲುವ ಇಂಗಾಲದ ಬಾಲ. ಬಾಲ ಉದ್ದವಾದಷ್ಟೂ ನೀರಿನ ಗುಣ ತಗ್ಗಿ ಎಣ್ಣೆಯ ಗುಣ ಹೆಚ್ಚುತ್ತದೆ. ನೀರಿನ ಗುಣದ ದ್ರವಕ್ಕೆ ನೀರಿನ ಗುಣದ ವಸ್ತು ಇಳಿಯುತ್ತದೆ, ಎಣ್ಣೆಯ ಗುಣದ ದ್ರವಕ್ಕೆ ಎಣ್ಣೆಯ ಗುಣದ್ದು. ಇಲ್ಲಿಯವರೆಗೆ ಸುಲಭ.

ಗೊಂದಲ ಶುರುವಾಗುವುದು ಅಳೆಯಲು ಹೊರಟಾಗ. ಡೈಪೋಲ್ ಮೊಮೆಂಟ್ (ಒಂದು ಅಣುವಿನೊಳಗೆ ವಿದ್ಯುದಾವೇಶ ಎಷ್ಟು ಬೇರ್ಪಟ್ಟಿದೆ ಅನ್ನುವ ಅಳತೆ) ನೋಡಿದರೆ ಮೆಥನಾಲ್ 1.70, ಎಥನಾಲ್ 1.69, ಐಸೊಪ್ರೊಪನಾಲ್ 1.66. ಎಲ್ಲ ಹೆಚ್ಚುಕಡಿಮೆ ಒಂದೇ. ಸಾರ ತೆಗೆಯುವವರಿಗೆ ಈ ಅಂಕಿಯಿಂದ ಉಪಯೋಗ ಇಲ್ಲ. ಡೈಎಲೆಕ್ಟ್ರಿಕ್ ಸ್ಥಿರಾಂಕ (ದ್ರವ ತನ್ನೊಳಗಿನ ಆವೇಶಗಳ ಸೆಳೆತವನ್ನು ಎಷ್ಟು ತಗ್ಗಿಸುತ್ತದೆ ಅನ್ನುವ ಅಂಕಿ) ಮಾತ್ರ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತದೆ. 25 ಡಿಗ್ರಿಯಲ್ಲಿ ನೀರು ಸುಮಾರು 78, ಮೆಥನಾಲ್ 33, ಎಥನಾಲ್ 24, ಪ್ರೊಪನಾಲ್‌ಗಳು 20ರ ಆಸುಪಾಸು, ಎನ್-ಬ್ಯುಟನಾಲ್ 17.5.

ಇನ್ನೊಂದು ಅಳತೆ ಜರ್ಮನಿಯ ರಸಾಯನಶಾಸ್ತ್ರಜ್ಞ ಕ್ರಿಶ್ಚಿಯನ್ ರೈಕಾರ್ಟ್ ಅವರ ಬಣ್ಣದ್ದು. ಅದು ದ್ರಾವಕಕ್ಕೆ ತಕ್ಕಂತೆ ಬಣ್ಣ ಬದಲಿಸುವ ಡೈ. ಮೆಥನಾಲ್‌ನಲ್ಲಿ ಕೆಂಪು, ಎಥನಾಲ್‌ನಲ್ಲಿ ನೇರಳೆ, ಅಸಿಟೋನ್‌ನಲ್ಲಿ ಹಸಿರು. ಒಮ್ಮೆ ಕಣ್ಣಾರೆ ನೋಡಿದರೆ ಪೋಲಾರಿಟಿ ಅಂದರೇನು ಅಂತ ಮತ್ತೆ ಯಾರೂ ಹೇಳಿಕೊಡಬೇಕಿಲ್ಲ, ಅಷ್ಟು ಚೆಂದ. ನೀರಿಗೆ 1 ಅಂಕ ಕೊಟ್ಟರೆ ಈ ಅಳತೆಯಲ್ಲಿ ಮೆಥನಾಲ್‌ಗೆ 0.76, ಎಥನಾಲ್‌ಗೆ 0.65, ಐಸೊಪ್ರೊಪನಾಲ್‌ಗೆ 0.55 ಸಿಗುತ್ತದೆ. ಎನ್-ಬ್ಯುಟನಾಲ್ ಇಲ್ಲಿ ಐಸೊಪ್ರೊಪನಾಲ್‌ಗಿಂತ ತುಸು ಮೇಲೆ ಬರುತ್ತದೆ. ಐಸೊಪ್ರೊಪನಾಲ್‌ನಲ್ಲಿ ಓಎಚ್ ಗುಂಪು ಎರಡು ಕೊಂಬೆಗಳ ನಡುವೆ ಸಿಕ್ಕಿಕೊಂಡಿದೆ, ಅದಕ್ಕೆ.

ವಿದ್ಯಾರ್ಥಿಗಳು ಜಾಸ್ತಿ ಎಡವುವುದು ಸ್ನೈಡರ್ ಪೋಲಾರಿಟಿ ಇಂಡೆಕ್ಸ್ ಅನ್ನುವ ಇನ್ನೊಂದು ಅಂಕಪಟ್ಟಿಯಲ್ಲಿ. ಮೆಥನಾಲ್ 5.1 ಅನ್ನುವುದರಲ್ಲಿ ತಕರಾರಿಲ್ಲ. ಎಥನಾಲ್‌ಗೆ ಮಾತ್ರ ಕೆಲವು ಪಟ್ಟಿಗಳಲ್ಲಿ 4.3, ಕೆಲವು ಪಟ್ಟಿಗಳಲ್ಲಿ 5.2 ಇರುತ್ತದೆ. 5.2 ನೋಡಿದವರು ಎಥನಾಲ್ ಮೆಥನಾಲ್‌ಗಿಂತ ಪೋಲಾರ್ ಅಂತ ಬರೆದುಬಿಡುತ್ತಾರೆ. ಹಾಗೆ ಬರೆಯಬೇಡಿ. ಬೇರೆ ಎಲ್ಲ ಅಳತೆಗಳಲ್ಲೂ ಮೆಥನಾಲೇ ಮುಂದೆ. ಎರಡು ಬೇರೆ ಪಟ್ಟಿಗಳ ಅಂಕಿಗಳನ್ನು ಒಂದೇ ಕೋಷ್ಟಕಕ್ಕೆ ಸೇರಿಸಿದರೆ ಹೋಲಿಕೆಯೇ ಹಾಳಾಗುತ್ತದೆ.

ಈಗ ನೀರಿನ ಮಾತು. ತೂಕದಲ್ಲಿ ಶೇ. 20 ನೀರು ಸೇರಿದ ಎಥನಾಲ್‌ನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 33. ಅದು ಶುದ್ಧ ಮೆಥನಾಲ್‌ನ ಅಂಕಿ! ನೀವು ಎಥನಾಲ್ ಬಳಸಿದ್ದೇನೆ ಅಂದುಕೊಂಡಿರುತ್ತೀರಿ, ಫ್ಲಾಸ್ಕಿನಲ್ಲಿರುವುದು ಮೆಥನಾಲ್‌ನಷ್ಟೇ ಪೋಲಾರ್ ಆದ ದ್ರವ. ಮೆಣಸಿನ ಹುಡುಗಿಗೆ ಆದದ್ದು ಇದೇ.

ಬಾಟಲಿಯನ್ನು ಪರೀಕ್ಷಿಸುವುದು

ತೂಕ ನೋಡುವುದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಪಿಪೆಟ್‌ನಲ್ಲಿ ಸರಿಯಾಗಿ 10 ಮಿ.ಲೀ. ಎಥನಾಲ್ ತೆಗೆದು, ಮುಚ್ಚಳವಿರುವ ಸಣ್ಣ ಬಾಟಲಿಗೆ ಹಾಕಿ ತೂಗಿ. 25 ಡಿಗ್ರಿಯಲ್ಲಿ 7.85 ಗ್ರಾಂ ಬಂದರೆ ನೀರಿಲ್ಲದ ಎಥನಾಲ್. 8.0 ಬಂದರೆ ತೂಕದಲ್ಲಿ ಶೇ. 95, 8.14 ಬಂದರೆ ಶೇ. 90, 8.39 ಬಂದರೆ ಶೇ. 80, 8.63 ಬಂದರೆ ಶೇ. 70. 9.1 ಬಂದರೆ ಅರ್ಧಕ್ಕರ್ಧ ನೀರು. ಕೋಣೆ ಬೆಚ್ಚಗಿದ್ದರೆ ತೂಕ ತುಸು ಇಳಿಯುತ್ತದೆ, 5 ಡಿಗ್ರಿಗೆ ಸುಮಾರು 0.04 ಗ್ರಾಂ. ಕಲಬುರಗಿಯ ಏಪ್ರಿಲ್‌ನಲ್ಲಿ ತೂಗುವವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಇನ್ನೊಂದು ಎಚ್ಚರ: ಮಾರುವವರ ಲೇಬಲ್ಲಿನ ಶೇ. 95 ಸಾಮಾನ್ಯವಾಗಿ ಗಾತ್ರದ ಲೆಕ್ಕ. ತೂಕಕ್ಕೆ ತಂದರೆ ಅದು ಶೇ. 92ರ ಆಸುಪಾಸು.

ತಕ್ಕಡಿ ನಂಬಿಕೆಯದಲ್ಲದಿದ್ದರೆ ಮೈಲುತುತ್ತ ಇದೆಯಲ್ಲ. ನೀಲಿ ಹರಳನ್ನು ಕಾಯಿಸಿ ಬೆಳ್ಳಗಿನ ಪುಡಿ ಮಾಡಿಕೊಳ್ಳಿ. ಒಂದು ಚಿಟಿಕೆಯನ್ನು ಆಲ್ಕೋಹಾಲ್‌ಗೆ ಹಾಕಿ. ನೀಲಿಯಾದರೆ ನೀರಿದೆ. ಎಷ್ಟಿದೆ ಅಂತ ಇದು ಹೇಳುವುದಿಲ್ಲ, ಇದೆಯೋ ಇಲ್ಲವೋ ಅಂತ ಮಾತ್ರ.

ತೂಕದಿಂದ ತಿಳಿಯದ ವಿಷಯವೂ ಒಂದಿದೆ. ಮೆಥನಾಲ್, ಎಥನಾಲ್, ಐಸೊಪ್ರೊಪನಾಲ್ ಮೂರರ ಸಾಂದ್ರತೆಯೂ ಒಂದೇ ಥರ, 0.79ರ ಹತ್ತಿರ. ಲೇಬಲ್ ಅಳಿಸಿಹೋದ ಬಾಟಲಿ ಸಿಕ್ಕರೆ ಪಿಯುಸಿಯಲ್ಲಿ ಕಲಿತ ಅಯೊಡೊಫಾರ್ಮ್ ಪರೀಕ್ಷೆ ನೆನಪು ಮಾಡಿಕೊಳ್ಳಿ. ಅಯೋಡಿನ್, ಕಾಸ್ಟಿಕ್ ಸೋಡಾ ದ್ರಾವಣ ಹಾಕಿದಾಗ ಹಳದಿ ಒತ್ತರ ಬರದಿದ್ದರೆ ಮೆಥನಾಲ್ ಅಂತ ಅನುಮಾನಿಸಿ. ಹಳದಿ ಬಂದರೆ ಎಥನಾಲ್ ಅಥವಾ ಐಸೊಪ್ರೊಪನಾಲ್. ಇವೆರಡನ್ನು ಬೇರೆ ಮಾಡಲು ಅಡುಗೆ ಉಪ್ಪು ಸಾಕು. ಸಮಪಾಲು ನೀರು ಬೆರೆಸಿ, ಕರಗದೆ ಉಳಿಯುವಷ್ಟು ಉಪ್ಪು ಹಾಕಿ ಕುಲುಕಿ. ಐಸೊಪ್ರೊಪನಾಲ್ ಮೇಲೆ ಬೇರೆ ಪದರವಾಗಿ ನಿಲ್ಲುತ್ತದೆ. ಎಥನಾಲ್ ನಿಲ್ಲುವುದಿಲ್ಲ.

ಮೂಸಿ ಗುರುತಿಸುತ್ತೇನೆ, ನಾಲಿಗೆಗೆ ಮುಟ್ಟಿಸಿ ನೋಡುತ್ತೇನೆ ಅನ್ನುವುದು ಖಂಡಿತ ಬೇಡ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಮೆಥನಾಲ್‌ನಲ್ಲಿ ತೆಗೆದ ಸಾರವನ್ನು ಎಷ್ಟೇ ಒಣಗಿಸಿದರೂ ತಿನ್ನುವ, ಕುಡಿಯುವ, ಮೈಗೆ ಹಚ್ಚುವ ಕೆಲಸಕ್ಕೆ ಬಳಸಬೇಡಿ.

ಬಾಟಲಿಯಲ್ಲಿ ನೀರಿಲ್ಲ ಅಂತ ಖಾತ್ರಿಯಾದರೂ ಕೆಲಸ ಮುಗಿಯಲಿಲ್ಲ. ಸೊಪ್ಪಿನಲ್ಲೇ ನೀರಿದೆ. 50 ಗ್ರಾಂ ಹಸಿ ಸೊಪ್ಪಿನಲ್ಲಿ ಶೇ. 80 ನೀರು ಅಂದರೆ 40 ಗ್ರಾಂ. ಅದಕ್ಕೆ 200 ಮಿ.ಲೀ. ಅಬ್ಸೊಲ್ಯೂಟ್ (ನೀರಿಲ್ಲದ) ಎಥನಾಲ್ ಹಾಕಿದರೆ ಆ ಎಥನಾಲ್‌ನ ತೂಕ 157 ಗ್ರಾಂ. ಲೆಕ್ಕ ಮಾಡಿ: ಮಿಶ್ರಣದಲ್ಲಿ ನೀರು ಸುಮಾರು ಶೇ. 20. ದುಬಾರಿ ಬಾಟಲಿ ಒಡೆದರೂ ಹುಡುಗಿಯ ಹಳೇ ಬಾಟಲಿಯ ಸ್ಥಿತಿಗೇ ಬಂದೆವು, ಅಲ್ವಾ? ನೆರಳಲ್ಲಿ ಗರಿಗರಿಯಾಗುವವರೆಗೆ ಒಣಗಿಸಿದ ಸೊಪ್ಪಾದರೆ ಈ ತೊಂದರೆ ಇಲ್ಲ.

ಬಟ್ಟಿ ಇಳಿಸಿ ಮರುಬಳಸುವವರಿಗೂ ಇದೇ ಮಾತು. ನಮ್ಮಲ್ಲಿ ಎಥನಾಲ್‌ಗೆ ಅಬಕಾರಿ ಪರವಾನಗಿಯ ಓಡಾಟ ಇರುವುದರಿಂದ ಹನಿ ಹನಿಯನ್ನೂ ಉಳಿಸುತ್ತೇವೆ. ತಪ್ಪಲ್ಲ. ಸಾರವನ್ನು ಪೂರ್ತಿ ಒಣಗಿಸುವಾಗ ಆಲ್ಕೋಹಾಲ್ ಜೊತೆ ಸೊಪ್ಪಿನ ನೀರೂ ಆವಿಯಾಗಿ ಅದೇ ಬಾಟಲಿಗೆ ಬೀಳುತ್ತದೆ. ಮತ್ತೆ ಬಟ್ಟಿ ಇಳಿಸಿದರೂ ತೂಕದಲ್ಲಿ ಶೇ. 95.6 ದಾಟುವುದಿಲ್ಲ. ಅಲ್ಲಿ ನೀರು, ಎಥನಾಲ್ ಎರಡೂ ಒಟ್ಟಿಗೇ ಕುದಿಯುತ್ತವೆ. ಐಸೊಪ್ರೊಪನಾಲ್ ಸುಮಾರು ಶೇ. 88ಕ್ಕೇ ನಿಂತುಬಿಡುತ್ತದೆ. ಮೆಥನಾಲ್‌ಗೆ ಮಾತ್ರ ಈ ಕಟ್ಟು ಇಲ್ಲ. ವಾಪಸ್ ಪಡೆದ ದ್ರಾವಕದ ಮೇಲೆ ಆ ದಿನದ ತೂಕ ಮತ್ತು ತಾರೀಖು ಬರೆದಿಡಿ.

ಸಾರದಲ್ಲಿ ಏನು ಬಂದಿದೆ

ದುಬಾರಿ ಯಂತ್ರಕ್ಕೆ ಕೊಡುವ ಮೊದಲು ಎರಡು ಟೆಸ್ಟ್ ಟ್ಯೂಬ್ ತೆಗೆದುಕೊಳ್ಳಿ. ಒಂದರಲ್ಲಿ 5 ಮಿ.ಲೀ. ನೀರು ಇಟ್ಟು 1 ಮಿ.ಲೀ. ಸಾರ ಹಾಕಿ. ಹಾಲಿನ ಹಾಗೆ ಮಬ್ಬಾದರೆ ಎಣ್ಣೆ, ರಾಳ, ಮೇಣದಂಥ ಪೋಲಾರ್ ಅಲ್ಲದ ವಸ್ತುಗಳು ಬಂದಿವೆ. ತಿಳಿಯಾಗಿಯೇ ಉಳಿದರೆ ಬಂದಿರುವುದು ಹೆಚ್ಚಾಗಿ ಸಕ್ಕರೆ, ಟ್ಯಾನಿನ್, ನೀರಿಗೆ ಒಗ್ಗುವ ಬಣ್ಣ. ಇನ್ನೊಂದರಲ್ಲಿ ಸಾರ ಮತ್ತು ಹೆಕ್ಸೇನ್ ಸಮ ಹಾಕಿ, ಕೆಲವು ಹನಿ ನೀರು ಸೇರಿಸಿ ಕುಲುಕಿ. ನೀರು ಯಾಕೆ ಅಂದರೆ ಅಬ್ಸೊಲ್ಯೂಟ್ ಎಥನಾಲ್ ಹೆಕ್ಸೇನ್ ಜೊತೆ ಪೂರ್ತಿ ಬೆರೆತುಬಿಡುತ್ತದೆ, ನೀರು ಸೇರಿದರೆ ಬೇರೆಯಾಗುತ್ತದೆ. ಬಣ್ಣ ಮೇಲಿನ ಪದರಕ್ಕೆ ಹೋಯಿತೋ ಕೆಳಗೇ ಉಳಿಯಿತೋ ನೋಡಿ. ಈ ಎರಡು ಟ್ಯೂಬ್‌ಗಳು ಹೇಳುವಷ್ಟನ್ನು ಕೇಳಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಬಣ್ಣ ಪುಡಿಯಲ್ಲೇ ಉಳಿದಿದೆ

ಬ್ಯಾಡಗಿ ಮೆಣಸಿಗೆ ಹೆಸರು ಬಂದಿರುವುದು ಬಣ್ಣದಿಂದ, ಖಾರದಿಂದಲ್ಲ. ಆ ಕೆಂಪು ಕ್ಯಾಪ್ಸಾಂತಿನ್ ಮತ್ತು ಅದರ ಬಂಧುಗಳದ್ದು. ಹಣ್ಣಾದ ಮೆಣಸಿನಲ್ಲಿ ಇವು ಹೆಚ್ಚಾಗಿ ಕೊಬ್ಬಿನ ಆಮ್ಲಗಳ ಜೊತೆ ಎಸ್ಟರ್ ಆಗಿ ಬೆಸೆದುಕೊಂಡಿರುತ್ತವೆ. ಅಂದರೆ ಗುಣದಲ್ಲಿ ಎಣ್ಣೆಯೇ. ಒಗ್ಗರಣೆಗೆ ಮೆಣಸು ಹಾಕಿದಾಗ ಎಣ್ಣೆ ಕೆಂಪಾಗುತ್ತದೆ, ಸಾರಿನ ನೀರು ಅಷ್ಟು ಕೆಂಪಾಗುವುದಿಲ್ಲ. ಅಡುಗೆಮನೆಯಲ್ಲಿ ದಿನವೂ ಕಾಣುವ ರಸಾಯನಶಾಸ್ತ್ರ ಇದು.

ಖಾರದ ಕ್ಯಾಪ್ಸೈಸಿನ್ ಬೇರೆ ಜಾತಿ. ಅದಕ್ಕೆ ಸ್ವಲ್ಪ ಪೋಲಾರ್ ಗುಣವೂ ಇದೆ, ಆಲ್ಕೋಹಾಲ್‌ಗೆ ಸುಲಭವಾಗಿ ಇಳಿಯುತ್ತದೆ. 1912ರಲ್ಲಿ ಅಮೆರಿಕದ ಔಷಧಶಾಸ್ತ್ರಜ್ಞ ವಿಲ್ಬರ್ ಸ್ಕೋವಿಲ್ ಖಾರ ಅಳೆಯಲು ಮೆಣಸನ್ನು ಆಲ್ಕೋಹಾಲ್‌ನಲ್ಲೇ ನೆನೆಸಿದ್ದು. ಹಾಗಾಗಿ ಆ ಹುಡುಗಿಯ ತೆಳು ಸಾರದಲ್ಲಿ ಕಡುಗೆಂಪು ಬಣ್ಣ ಇರಲಿಲ್ಲವೇ ಹೊರತು ಖಾರ ಇತ್ತು. ಒಣಗಿಸುವಾಗ ಕೋಣೆಯಲ್ಲಿದ್ದ ಎಲ್ಲರೂ ಕೆಮ್ಮಿದೆವು. ದ್ರಾವಕ ತನ್ನ ಕೆಲಸ ಮಾಡಿತ್ತು, ನಾವು ಬಯಸಿದ ಕೆಲಸ ಮಾಡಿರಲಿಲ್ಲ ಅಷ್ಟೆ.

ಪರಿಹಾರ: ನೀರಿಲ್ಲದ ಎಥನಾಲ್ ಬಳಸಿ, ಇಲ್ಲವೇ ನೀರಿಲ್ಲದ ಐಸೊಪ್ರೊಪನಾಲ್‌ಗೆ ಹೋಗಿ. ಮೆಥನಾಲ್ ಬೇಡ. ಪೂರ್ತಿ ಬಣ್ಣ ಬೇಕಿದ್ದರೆ ಆಲ್ಕೋಹಾಲ್ ಬಿಟ್ಟು ಅಸಿಟೋನ್ ಹಿಡಿಯಿರಿ. ಮೆಣಸಿನ ವ್ಯಾಪಾರದಲ್ಲಿ ಬಣ್ಣ ಅಳೆಯುವ ಆಸ್ಟಾ (ಅಮೆರಿಕದ ಮಸಾಲೆ ವ್ಯಾಪಾರ ಸಂಘ) ವಿಧಾನದಲ್ಲೂ ಅಸಿಟೋನ್‌ನಲ್ಲೇ ನೆನೆಸಿ, 460 ನ್ಯಾನೊಮೀಟರ್‌ನ ಬೆಳಕನ್ನು ಸಾರ ಎಷ್ಟು ಹೀರುತ್ತದೆ ಅಂತ ಓದುತ್ತಾರೆ. ಐಸೊಪ್ರೊಪನಾಲ್ ಹಿಡಿದವರು ಒಂದು ನೆನಪಿಡಿ: ಅದು ಮೆಥನಾಲ್‌ಗಿಂತ ಸುಮಾರು ನಾಲ್ಕು ಪಟ್ಟು ಮಂದ. ಪುಡಿಯೊಳಗೆ ನಿಧಾನವಾಗಿ ಇಳಿಯುತ್ತದೆ, ಫಿಲ್ಟರ್‌ನಲ್ಲಿ ನಿಧಾನವಾಗಿ ಸೋರುತ್ತದೆ. ಒಂದು ಗಂಟೆ ಕಾದು ಬಣ್ಣ ಬರಲಿಲ್ಲ ಅನ್ನಬೇಡಿ.

ಬೇಡದ ಹಸಿರು, ಒಣಗದ ಅಂಟು

ಹತ್ತನೇ ತರಗತಿಯ ಪ್ರಯೋಗ ನೆನಪಿದೆಯಲ್ಲ? ಎಲೆಯನ್ನು ಆಲ್ಕೋಹಾಲ್‌ನಲ್ಲಿ ಕಾಯಿಸಿ ಹಸಿರು ತೆಗೆದು, ಆಮೇಲೆ ಅಯೋಡಿನ್ ಹಾಕುವುದು. ನೀರಿನಲ್ಲಿ ಕುದಿಸಿದಾಗ ಹೋಗದ ಹಸಿರು ಆಲ್ಕೋಹಾಲ್‌ನಲ್ಲಿ ಹೋಗುತ್ತದೆ. ಕ್ಲೋರೋಫಿಲ್‌ಗೆ ಉದ್ದ ಬಾಲ ಇದೆ, ಅದಕ್ಕೆ ನೀರು ಬೇಡ. ತುಳಸಿ, ಬೇವಿನಂಥ ಎಲೆಗಳ ಸಾರ ಕಡುಹಸಿರಾಗಿ ಬೇಕಾದ ಫೀನಾಲ್‌ಗಳು (ಓಎಚ್ ಗುಂಪಿರುವ, ಕ್ಲೋರೋಫಿಲ್‌ಗಿಂತ ಪೋಲಾರ್ ಆದ ಸಸ್ಯವಸ್ತುಗಳು) ಅದರಡಿ ಮುಚ್ಚಿಹೋದರೆ ಇಲ್ಲಿ ನೀರು ನಿಮ್ಮ ಗೆಳೆಯ. ಎಥನಾಲನ್ನು ಶೇ. 50–60ಕ್ಕೆ ಇಳಿಸಿ. ಹಸಿರು ಬಹಳ ತಗ್ಗುತ್ತದೆ, ಫೀನಾಲ್‌ಗಳು ಬರುತ್ತವೆ. ಒಣ ಎಲೆಯಾದರೆ ಶುದ್ಧ ಆಲ್ಕೋಹಾಲ್‌ಗಿಂತ ಇದರಲ್ಲೇ ಫೀನಾಲ್ ಜಾಸ್ತಿ ಸಿಗುವುದು ಸಾಮಾನ್ಯ. ಎಲೆ ಊದಿಕೊಳ್ಳಲು ನೀರು ಬೇಕು.

ಅದರ ಬೆಲೆ ಅಂಟು. ನೀರು ಹೆಚ್ಚಿದರೆ ಸಕ್ಕರೆಯೂ ಇಳಿಯುತ್ತದೆ. ಒಣಗಿಸಿದಾಗ ಸಾರ ಜೋನಿಬೆಲ್ಲದ ಹಾಗೆ ಕೂತು ಪುಡಿಯಾಗುವುದೇ ಇಲ್ಲ. ಒಣಗಿದ ಅಂಟಿಗೆ ಶೇ. 95 ಎಥನಾಲ್ ಹಾಕಿ ಕುಲುಕಿ, ಕರಗದೆ ಉಳಿದದ್ದನ್ನು ಸೋಸಿ ತೆಗೆಯಿರಿ. ಅಂಟು ಬಹಳಷ್ಟು ಅಲ್ಲೇ ಉಳಿಯುತ್ತದೆ.

ಅಂಟಿಗೆ ಇನ್ನೊಂದು ಕಾರಣವನ್ನು ಕೋವಿಡ್ ನಂತರ ಹಲವು ಸಲ ಕಂಡಿದ್ದೇನೆ: ಎಥನಾಲ್ ಸಿಗದೆ ಸ್ಯಾನಿಟೈಸರ್ ಬಳಸುವುದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಸ್ಯಾನಿಟೈಸರ್‌ನಲ್ಲಿ ಶೇ. 1.45 ಗ್ಲಿಸರಾಲ್ ಇರುತ್ತದೆ. 200 ಮಿ.ಲೀ. ಬಳಸಿದರೆ ಸುಮಾರು 3.6 ಗ್ರಾಂ ಗ್ಲಿಸರಾಲ್ ತಳದಲ್ಲಿ ಉಳಿಯುತ್ತದೆ. ಅದು ಕುದಿಯುವುದು 290 ಡಿಗ್ರಿಯಲ್ಲಿ, ವಾಟರ್ ಬಾತ್‌ನಲ್ಲಿ ಹೋಗುವ ಮಾತೇ ಇಲ್ಲ. ವಿದ್ಯಾರ್ಥಿ ಇಳುವರಿ ಜಾಸ್ತಿ ಬಂತು ಅಂತ ಖುಷಿಪಡುತ್ತಾನೆ. ಇಳುವರಿ ನಂಬಲಾಗದಷ್ಟು ಹೆಚ್ಚಿದ್ದರೆ ಪುಡಿಯಿಲ್ಲದೆ ಬರೀ ದ್ರಾವಕವನ್ನೇ 50 ಮಿ.ಲೀ. ಒಣಗಿಸಿ ತೂಗಿ. ಏನೂ ಉಳಿಯಬಾರದು.

ಪೋಲಾರಿಟಿಯದ್ದಲ್ಲದ ದೋಷ

ಪುನರ್ಪುಳಿ ಸಿಪ್ಪೆಯ ಕೆಂಪು ನೀರಿಗೂ ಇಳಿಯುತ್ತದೆ, ಎಥನಾಲ್‌ಗೂ ಇಳಿಯುತ್ತದೆ. ಬಂದ ಬಣ್ಣ ಸಂಜೆಯೊಳಗೆ ಮಂಕಾಗಿ ಕಂದಿದರೆ ದ್ರಾವಕ ಬದಲಿಸುತ್ತಾ ಕೂರಬೇಡಿ. ಎಥನಾಲನ್ನು ತೆಳುಮಾಡಲು ಬೋರ್‌ವೆಲ್ ನೀರು ಹಾಕಿದ್ದೀರಾ ನೋಡಿ. ಪುನರ್ಪುಳಿಯ ಆ ಕೆಂಪು ಆಂಥೋಸಯಾನಿನ್ ಅನ್ನುವ ಬಣ್ಣದ್ದು. ಅದಕ್ಕೆ ಹುಳಿ ಬೇಕು, ಕ್ಷಾರದ ನೀರಿನಲ್ಲಿ ಅದು ಕೆಡುತ್ತದೆ. ಡಿಸ್ಟಿಲ್ಡ್ ವಾಟರ್, ಒಂದಿಷ್ಟು ಸಿಟ್ರಿಕ್ ಆಮ್ಲ, ಕತ್ತಲೆ. ಇಷ್ಟೇ ಮದ್ದು.

ನೆಲ್ಲಿಕಾಯಿ, ಅಳಲೆಕಾಯಿಯಂಥ ಟ್ಯಾನಿನ್ ತುಂಬಿದವನ್ನು ಮೆಥನಾಲ್‌ನಲ್ಲಿ ಕುದಿಸಿದಾಗ ಮೀಥೈಲ್ ಗ್ಯಾಲೇಟ್ ಅನ್ನುವ ವಸ್ತು ಕಂಡರೆ, ಅದು ಕಾಯಿಯಲ್ಲೇ ಇತ್ತು ಅಂತ ಬರೆಯುವ ಮೊದಲು ಎಥನಾಲ್‌ನಲ್ಲಿ ಒಮ್ಮೆ ತೆಗೆದು ನೋಡಿ. ಟ್ಯಾನಿನ್ ಜೊತೆ ಮೆಥನಾಲ್ ತಾನೇ ಸೇರಿ ಅದನ್ನು ಹುಟ್ಟಿಸಿರಬಹುದು.

ಬ್ಯುಟನಾಲ್ ಬೇರೆ ಪದರ ಆಗುತ್ತಿಲ್ಲ

ಅಂಟುವಾಳದ ನೊರೆ ಕೊಡುವ ಸಪೋನಿನ್‌ಗಳಿಗೆ ಒಂದು ತುದಿಯಲ್ಲಿ ಸಕ್ಕರೆ, ಇನ್ನೊಂದು ತುದಿಯಲ್ಲಿ ಎಣ್ಣೆಯ ಗುಣ. ಇಂಥ ಎರಡು ಮನಸ್ಸಿನ ವಸ್ತುವಿಗೆ ಎನ್-ಬ್ಯುಟನಾಲ್ ಸರಿಹೊಂದುತ್ತದೆ. ಮೆಥನಾಲ್, ಎಥನಾಲ್, ಪ್ರೊಪನಾಲ್ ನೀರಿನಲ್ಲಿ ಪೂರ್ತಿ ಬೆರೆಯುತ್ತವೆ. ಬ್ಯುಟನಾಲ್ ಶೇ. 7–8ರಷ್ಟು ಮಾತ್ರ ಬೆರೆತು ಉಳಿದದ್ದು ಮೇಲೆ ನಿಲ್ಲುತ್ತದೆ. ನೀರಿನಲ್ಲಿರುವ ಸಪೋನಿನ್ ಆ ಮೇಲಿನ ಪದರಕ್ಕೆ ಹತ್ತುತ್ತದೆ.

ಪದರವೇ ಆಗಲಿಲ್ಲ ಅಂದರೆ, ಅಂಟುವಾಳದಿಂದ ಮೊದಲು ಸಾರ ತೆಗೆಯಲು ಬಳಸಿದ ಮೆಥನಾಲ್ ಇನ್ನೂ ಉಳಿದಿದೆ. ಅದು ನೀರಿಗೂ ಬ್ಯುಟನಾಲ್‌ಗೂ ನಡುವೆ ಸೇತುವೆಯಾಗಿ ಎರಡನ್ನೂ ಒಂದು ಮಾಡಿಬಿಡುತ್ತದೆ. ಮೆಥನಾಲನ್ನು ಪೂರ್ತಿ ಆವಿ ಮಾಡಿ, ಉಳಿದದ್ದನ್ನು ನೀರಿನಲ್ಲಿ ಕದಡಿ, ಆಮೇಲೆ ಬ್ಯುಟನಾಲ್ ಹಾಕಿ. ಈ ಒಂದು ತಪ್ಪಿಗೆ ವಾರಗಟ್ಟಲೆ ಕಳೆದವರನ್ನು ಕಂಡು ಬೇಸರವಾಗಿದೆ.

ಪದರ ಆಗಿ ನಡುವೆ ಮೊಸರಿನಂಥ ನೊರೆ ನಿಂತರೆ ಜೋರಾಗಿ ಕುಲುಕಿದ್ದೀರಿ. ಸಪೋನಿನ್ ಸಾಬೂನಿನ ಹಾಗೇ ತಾನೇ. ಸೆಪರೇಟಿಂಗ್ ಫನೆಲನ್ನು (ಪದರಗಳನ್ನು ಬೇರ್ಪಡಿಸುವ ಆಲಿಕೆ) ಮೆಲ್ಲಗೆ ತಲೆಕೆಳಗು ಮಾಡುತ್ತಾ ಬೆರೆಸಿ. ಒಂದಿಷ್ಟು ಉಪ್ಪು ಹಾಕಿ ರಾತ್ರಿ ಬಿಡಿ. ಒಂದು ಪದರ ಉಬ್ಬಿ ಇನ್ನೊಂದು ಕುಗ್ಗಿ ಲೆಕ್ಕ ತಪ್ಪುತ್ತಿದ್ದರೆ ಬ್ಯುಟನಾಲ್ ನೀರು ಕುಡಿಯುತ್ತಿದೆ. ಅದು ತನ್ನೊಳಗೆ ಸುಮಾರು ಶೇ. 20 ನೀರು ತುಂಬಿಕೊಳ್ಳಬಲ್ಲದು. ಹಿಂದಿನ ದಿನವೇ ಬ್ಯುಟನಾಲನ್ನು ನೀರಿನ ಜೊತೆ ಕುಲುಕಿಟ್ಟು, ಮೇಲಿನ ಪದರವನ್ನು ಮಾತ್ರ ಬಳಸಿ.

ಕೊನೆಗೆ ಬ್ಯುಟನಾಲ್ ಹೋಗುತ್ತಲೇ ಇಲ್ಲ ಅನ್ನುವ ದೂರು. ಅದು ಕುದಿಯುವುದು 118 ಡಿಗ್ರಿಯಲ್ಲಿ. ಬಾತ್‌ನ ಶಾಖ ಏರಿಸುತ್ತಾ ಹೋದರೆ ಸಾರ ಕಂದುತ್ತದೆ. ರೋಟರಿ ಇವಾಪರೇಟರ್‌ನ (ನಿರ್ವಾತದಲ್ಲಿ ದ್ರಾವಕವನ್ನು ಆವಿ ಮಾಡುವ ಯಂತ್ರ) ಫ್ಲಾಸ್ಕಿಗೆ ಆಗಾಗ ಸ್ವಲ್ಪ ನೀರು ಸೇರಿಸಿ. ನೀರು ಜೊತೆಗಿದ್ದರೆ ಎರಡೂ ಸೇರಿ 93 ಡಿಗ್ರಿಯ ಹತ್ತಿರವೇ ಕುದಿಯುತ್ತವೆ, ನಿರ್ವಾತದಲ್ಲಿ ಇನ್ನೂ ಕೆಳಗೆ. ಬ್ಯುಟನಾಲ್ ವಾಸನೆ ಹೋಗುವವರೆಗೆ ಎರಡು ಮೂರು ಸಲ ಹೀಗೆ ಮಾಡಿ. ನೀರು ಕುದಿಯುವಾಗ ಸಪೋನಿನ್ ನೊರೆ ಉಕ್ಕುತ್ತದೆ, ಆದ್ದರಿಂದ ಫ್ಲಾಸ್ಕ್ ಕಾಲುಭಾಗಕ್ಕಿಂತ ಹೆಚ್ಚು ತುಂಬಬೇಡಿ.